‘ನಾಳೆ’ ಅಂದರೆ ಯಾವ ದಿನ?

ರಾಯಬಾಗ ತಾಲೂಕಿನ ಒಂದು ಮೋಟರ್ ವೈಂಡಿಂಗ್ ಅಂಗಡಿ. ಮುಂಜಾನೆ ಎಂಟಕ್ಕೆ ಶಟರ್ ಎತ್ತಿ, ದೇವರ ಫೋಟೊಕ್ಕೆ ಊದಿನಕಡ್ಡಿ ಬೆಳಗಿ, ಅಂಗಡಿಯವರು ಮೊಬೈಲ್ ಹಿಡಿದು ಕೂರುತ್ತಾರೆ. ರಾತ್ರಿಯಿಡೀ ಬಂದು ಬಿದ್ದಿರುವ ವಾಯ್ಸ್ ಮೆಸೇಜುಗಳನ್ನು ಒಂದೊಂದಾಗಿ ಕೇಳುವುದು ಅವರ ದಿನದ ಮೊದಲ ಕೆಲಸ. ನಾನು ಪಕ್ಕದ ಸ್ಟೂಲಿನ ಮೇಲೆ ಕೂತ ಮಂಗಳವಾರ ಅಂಥವು ಹದಿನಾಲ್ಕು ಇದ್ದವು.

ಮೊದಲನೆಯದು ಎಂಟು ಸೆಕೆಂಡಿನದು. ‘ಅಣ್ಣಾ, ಮೋಟ್ರು ಮತ್ತ ಹಂಗ ಮಾಡಾಕತ್ತೈತಿ. ನಾಳೆ ಲಗೂನ ಬಂದಬಿಡು, ಕಬ್ಬು ಒಣಗಾಕತ್ತೈತಿ.’ ಬಂದದ್ದು ರಾತ್ರಿ ಹನ್ನೆರಡೂ ನಲವತ್ತಕ್ಕೆ. ನಂಬರಿಗೆ ಹೆಸರಿಲ್ಲ. ‘ಮತ್ತ’ ಅಂದಿದ್ದಾರೆ, ಹಾಗಾದರೆ ಹಳೆಯ ಗಿರಾಕಿ. ‘ಹಂಗ’ ಅಂದಿದ್ದಾರೆ, ಹೆಂಗ ಎಂಬುದು ಗೊತ್ತಿಲ್ಲ. ನಡುರಾತ್ರಿ ದಾಟಿದ ಮೇಲೆ ಆಡಿದ ‘ನಾಳೆ’ ಈ ಮಂಗಳವಾರವೋ, ಬುಧವಾರವೋ? ಎರಡನೆಯದು ಮೂರು ನಿಮಿಷ ಮೀರಿತ್ತು. ಗಾಳಿಯ ಸಪ್ಪಳ, ನಾಯಿ ಬೊಗಳುವುದು, ಲೈನ್‌ಮನ್ ಜೊತೆ ಆದ ಜಗಳದ ಪೂರ್ತಿ ಕಥೆ, ಕೊನೆಗೆ ‘ಆತು, ಫೋನ್ ಮಾಡ್ರಿ’. ಐದನೆಯದೋ ಆರನೆಯದೋ ಒಬ್ಬ ಹೆಣ್ಣುಮಗಳದು, ಇಪ್ಪತ್ತೆರಡು ಸೆಕೆಂಡು. ಮೊದಲು ತನ್ನ ಹೆಸರು, ಊರು, ತೋಟದ ಹೆಸರು. ಆಮೇಲೆ: ‘ಏಳೂವರಿ ಎಚ್‌ಪಿ ಸಬ್‌ಮರ್ಸಿಬಲ್ ರೀ. ಸ್ಟಾರ್ಟರ್ ಹಚ್ಚಿದ ಕೂಡ್ಲೆ ಟ್ರಿಪ್ ಆಗತೈತಿ. ಸೋಮವಾರ ರಾತ್ರಿ ಹನ್ನೊಂದಕ್ಕ ಬಂದ್ ಬಿದ್ದೈತಿ. ಮಂಗಳವಾರ ಹತ್ತರ ಮಟಾ ತೋಟದಾಗ ಇರತೇವಿ, ಆಮ್ಯಾಲ ದವಾಖಾನಿಗೆ ಹೋಗೂದೈತಿ.’ ಅಂಗಡಿಯವರು ಅದನ್ನು ಒಮ್ಮೆ ಮಾತ್ರ ಕೇಳಿದರು. ಕೇಳುತ್ತಲೇ ಹುಡುಗನಿಗೆ ಕಣ್ಸನ್ನೆ ಮಾಡಿದರು. ಹುಡುಗ ಪೈಪು ಎತ್ತುವ ಚೈನ್ ಕಪ್ಪಿಯನ್ನು ಹೊರಗೆ ತಂದಿಟ್ಟ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳಲ್ಲಿ ಅಂಗಡಿ, ಕಾರ್ಖಾನೆ, ದವಾಖಾನೆ, ಪತ್ತಿನ ಸಂಘಗಳಿಗೆ ದನಿ ಬಿಟ್ಟುಹೋಗುವ ಈ ಪದ್ಧತಿ ಕಳೆದ ಎಂಟು-ಹತ್ತು ವರ್ಷಗಳಲ್ಲಿ ಬೆಳೆದದ್ದು. ಅದನ್ನು ವಿಮರ್ಶೆಗೆ ಯೋಗ್ಯವಾದ ರಚನೆ ಎಂದೇ ನಾನು ಕೇಳಿಸಿಕೊಳ್ಳುತ್ತ ಬಂದಿದ್ದೇನೆ. ಆಡುವವರಿದ್ದಾರೆ, ಕೇಳುವವರಿದ್ದಾರೆ, ನಡುವೆ ಒಂದು ಹೊತ್ತಿನ ಅಂತರವಿದೆ. ಕೆಟ್ಟ ರಚನೆಗೆ ಇಲ್ಲಿ ದಂಡವಿದೆ, ಆ ದಂಡವನ್ನು ಬೆಳೆ ತೆರುತ್ತದೆ. ಪಂಪ್‌ಸೆಟ್ಟುಗಳಿಗೆ ದಿನಕ್ಕೆ ಏಳು ತಾಸು ತ್ರೀ ಫೇಸ್ ಎಂಬುದು ಸರ್ಕಾರದ ಲೆಕ್ಕ. ಪಾಳಿ ರಾತ್ರಿಯದಾದರೆ ಮೋಟರ್ ಸುಡುವುದೂ ರಾತ್ರಿಯೇ. ಆ ಹೊತ್ತಿಗೆ ಯಾವ ಅಂಗಡಿಯೂ ತೆರೆದಿರುವುದಿಲ್ಲ, ಯಾರನ್ನೂ ಎಬ್ಬಿಸುವಂತಿಲ್ಲ. ಹಾಗಾಗಿ ಕತ್ತಲಲ್ಲಿ, ಬಾವಿಯ ದಂಡೆಯ ಮೇಲೆ ನಿಂತು, ಬೆಳಿಗ್ಗೆ ಕೇಳುವ ಕಿವಿಗೆ ಈಗಲೇ ಮಾತಾಡಬೇಕು. ಪಟ್ಟಣದ ಕಚೇರಿಯಲ್ಲಿ ಬಿಡುವ ಸಂದೇಶಕ್ಕಿಂತ ಇದು ಕಷ್ಟದ ಕೆಲಸ.

ಯಂತ್ರದಲ್ಲಿ ಮಾತು ಇಟ್ಟು ಹೋಗುವ ಯೋಚನೆ ಹಳೆಯದು. ಡೆನ್ಮಾರ್ಕಿನ ವಾಲ್ಡೆಮಾರ್ ಪೌಲ್ಸನ್ 1898ರಲ್ಲಿ ಉಕ್ಕಿನ ತಂತಿಯ ಮೇಲೆ ದನಿ ಹಿಡಿದಿಡುವ ಟೆಲಿಗ್ರಾಫೋನ್ ಮಾಡಿದ. ಫೋನ್ ಎತ್ತುವವರು ಇಲ್ಲದ ಹೊತ್ತಿನ ಚಿಂತೆ ಆಗಲೇ ಶುರುವಾಗಿತ್ತು. ಅಮೆರಿಕದ ಗಾರ್ಡನ್ ಮ್ಯಾಥ್ಯೂಸ್‌ಗೆ ವಾಯ್ಸ್‌ಮೇಲ್ ಪೇಟೆಂಟ್ ಸಿಕ್ಕಿದ್ದು 1983ರಲ್ಲಿ. ಅಲ್ಲಿಂದ ಮುಂದೆ ಪಶ್ಚಿಮದ ಕಚೇರಿಗಳಲ್ಲಿ ‘ಬೀಪ್ ಆದ ಮೇಲೆ ಮಾತಾಡಿ’ ಎಂಬುದು ದಿನಬಳಕೆಯ ಮಾತಾಯಿತು. ನಮ್ಮ ಕಡೆ ಅದು ಬೇರೂರಲಿಲ್ಲ. ಚಿಕ್ಕೋಡಿಯ 08338, ರಾಯಬಾಗದ 08331, ಅಥಣಿಯ 08289 ಕೋಡುಗಳ ಕಾಲದಲ್ಲಿ ಫೋನ್ ಇದ್ದ ಮನೆಗಳೇ ಎಣಿಕೆಯವು. ಲಗ್ನಪತ್ರಿಕೆಯಲ್ಲಿ, ಅಂಗಡಿಯ ಬಿಲ್ಲಿನಲ್ಲಿ ನಂಬರಿನ ಮುಂದೆ ‘ಪಿ.ಪಿ.’ ಎಂದು ಅಚ್ಚಾಗಿರುತ್ತಿತ್ತು. ಅಂದರೆ ಪಕ್ಕದ ಮನೆಯವರ ಫೋನು. ಮೊಬೈಲ್ ಬಂದ ಮೇಲೂ 2003ರ ತನಕ ಬರುವ ಕರೆಗೇ ದುಡ್ಡು. ಆಮೇಲೆ ಮಿಸ್ ಕಾಲ್ ರಾಜ್ಯವಾಳಿತು. ಎರಡು ರಿಂಗ್ ಆದರೆ ಗಾಡಿ ಹೊರಟಿದೆ, ಒಂದು ರಿಂಗ್ ಆದರೆ ಊಟಕ್ಕೆ ಬಾ. ಕರೆಯನ್ನು ಯಂತ್ರ ಎತ್ತಿದರೆ ಮಾಡಿದವರ ಬ್ಯಾಲೆನ್ಸ್ ಕತ್ತರಿಸಿಹೋಗುತ್ತದೆ. ಯಾರೂ ಎತ್ತದಿದ್ದರೆ ಸುದ್ದಿಯೂ ಮುಟ್ಟುತ್ತದೆ, ದುಡ್ಡೂ ಉಳಿಯುತ್ತದೆ. ವಾಯ್ಸ್‌ಮೇಲನ್ನು ನಮ್ಮ ಜನ ಬೇಡವೆಂದದ್ದು ಸರಿಯಾದ ಲೆಕ್ಕದಿಂದಲೇ. 2013ರಲ್ಲಿ ವಾಟ್ಸ್ಆ್ಯಪ್ ವಾಯ್ಸ್ ಮೆಸೇಜು ತಂದಿತು, 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತು. ಕನ್ನಡ ಟೈಪ್ ಮಾಡಲು ಬಾರದವರಿಗೆ, ಓದು ಬರಹವೇ ಇಲ್ಲದವರಿಗೆ ಮೈಕಿನ ಗುರುತನ್ನು ಒತ್ತಿ ಹಿಡಿಯುವುದು ಸಾಕಾಯಿತು. ಅಂಗಡಿಯ ಕೆಲಸವನ್ನು ಗಂಡನ, ಮಗನ ಬಾಯಿಂದಲೇ ಹೇಳಿಸಬೇಕಿದ್ದ ಎಷ್ಟೋ ಹೆಣ್ಣುಮಕ್ಕಳು ಈಗ ತಾವೇ ಮಾತಾಡುತ್ತಾರೆ. ಈ ಪದ್ಧತಿಯ ತಪ್ಪುಗಳನ್ನು ಮುಂದೆ ಎಷ್ಟೇ ಎಣಿಸಿದರೂ ಈ ಒಂದು ಒಳ್ಳೆಯದನ್ನು ನಾನು ಮರೆಯಲಾರೆ.

ಇಲ್ಲಿಯವರು ಸಂದೇಶಕ್ಕೆ ‘ನಿರೋಪ’ ಅನ್ನುತ್ತಾರೆ. ಹಳೆಯ ಕನ್ನಡದ ‘ನಿರೂಪ’ ಅರಸನ ಅಪ್ಪಣೆ; ಮರಾಠಿಯ ‘ನಿರೋಪ’ ಸುದ್ದಿಯೂ ಹೌದು, ಬೀಳ್ಕೊಡುವುದೂ ಹೌದು. ಎರಡು ಭಾಷೆ ಒಂದೇ ಅಂಗಳದಲ್ಲಿ ಆಡುವ ಈ ಸೀಮೆಯಲ್ಲಿ ಎರಡೂ ಅರ್ಥ ಕೂಡಿಕೊಂಡಿವೆ: ಕಳಿಸುವವರಿಗೆ ಅದು ಅಪ್ಪಣೆಯಷ್ಟು ಮುಖ್ಯ, ಒಮ್ಮೆ ಕಳಿಸಿದ ಮೇಲೆ ಕೈಬಿಟ್ಟು ಹೋದದ್ದು. ನಿರೋಪ ಒಯ್ಯಲು ಒಬ್ಬ ಮನುಷ್ಯ ಬೇಕಿತ್ತು. ಸಂತೆಗೆ ಹೊರಟವರು, ಹಾಲಿನ ಗಾಡಿಯವರು, ಎಸ್‌ಟಿ ಬಸ್ಸಿನ ಕಂಡಕ್ಟರು, ಪಿ.ಪಿ. ಫೋನಿನ ಮನೆಯ ಹುಡುಗಿ. ಅವರು ಮಾತನ್ನು ಬರಿಯ ಗಡಿಗೆಯ ಹಾಗೆ ಹೊರುತ್ತಿರಲಿಲ್ಲ, ದಾರಿಯಲ್ಲಿ ಅದರ ಮೇಲೆ ಕೆಲಸ ಮಾಡುತ್ತಿದ್ದರು. ‘ನಾಳೆ ಮುಂಜಾನೆ ಬರತೇನಿ ಅಂತ ಹೇಳು’ ಎಂದು ಅಪ್ಪ ಸಂಜೆ ಹೇಳಿ ಕಳಿಸಿದರೆ, ಮರುದಿನ ಬೆಳಗಾದ ಮೇಲೆ ಮುಟ್ಟಿದ ಹುಡುಗ ‘ಅಪ್ಪ ಇವತ್ತ ಬರತಾರಂತ’ ಎನ್ನುತ್ತಿದ್ದ. ನಾಳೆ ಇವತ್ತಾಯಿತು, ‘ಬರತೇನಿ’ ಹೋಗಿ ‘ಬರತಾರ’ ಆಯಿತು, ಕೊನೆಗೊಂದು ‘ಅಂತ’ ಅಂಟಿತು. ಆ ‘ಅಂತ’ ಎಷ್ಟು ದೊಡ್ಡ ಪದ ಎಂದು ವಾಯ್ಸ್ ಮೆಸೇಜುಗಳನ್ನು ಕೇಳತೊಡಗಿದ ಮೇಲೆ ನನಗೆ ಅರಿವಾಯಿತು. ಇದು ನನ್ನ ಮಾತಲ್ಲ, ಇನ್ನೊಬ್ಬರದು, ಅವರು ಆಡಿದ್ದು ಬೇರೆ ಹೊತ್ತಿನಲ್ಲಿ, ಬೇರೆ ಜಾಗದಲ್ಲಿ, ನಾನು ಅದನ್ನು ನಿಮ್ಮ ಹೊತ್ತಿಗೆ ತಿರುಗಿಸಿ ತಂದಿದ್ದೇನೆ: ಇಷ್ಟನ್ನೂ ಆ ಎರಡಕ್ಷರ ಹೇಳುತ್ತದೆ.

ಮೊಬೈಲು ಆ ನಡುವಿನ ಮನುಷ್ಯರನ್ನು ತೆಗೆದುಹಾಕಿತು. ಆಡಿದವರ ದನಿಯೇ ಕೇಳುವವರ ಕಿವಿಗೆ ಬಂತು. ಬಹಳ ಹತ್ತಿರವಾದಂತೆ ತೋರುತ್ತದೆ. ಆದರೆ ‘ನಾಳೆ’ಯನ್ನು ‘ಇವತ್ತು’ ಮಾಡುವವರು ಯಾರು? ‘ಅಲ್ಲೇ, ಹೋದಸಲ ಬಂದಿದ್ರಲ್ಲ’ ಎಂದಾಗ ‘ಎಲ್ಲಿ?’ ಎಂದು ಹೊರಡುವ ಮುನ್ನವೇ ಕೇಳುವವರು ಯಾರು? ‘ಆ ಮಗನಿಗೆ ಹೇಳು’ ಎಂಬ ಸಿಟ್ಟನ್ನು ಹೊಸ್ತಿಲ ಹೊರಗೇ ಬಿಟ್ಟು ‘ಅವ್ರು ಸ್ವಲ್ಪ ಬ್ಯಾಸರಾಗ್ಯಾರ್ರಿ’ ಎಂದು ಮೆತ್ತಗೆ ಮಾಡುವವರು ಯಾರು? ನಿರೋಪದವರ ಈ ಮೂರೂ ಕೆಲಸ ಈಗ ಆಡುವವರ ಮೇಲೆಯೇ ಬಿದ್ದಿದೆ. ಒಳ್ಳೆಯ ಮೆಸೇಜು ಬಿಡುವವರು ತಾವೇ ನಿರೋಪದವರಾಗಿ, ಕೇಳುವವರ ಮುಂಜಾನೆಗೆ ಹೋಗಿ ನಿಂತು ಮಾತಾಡುತ್ತಾರೆ. ಆ ಹೆಣ್ಣುಮಗಳು ‘ನಿನ್ನೆ’, ‘ನಾಳೆ’ ಎನ್ನಲೇ ಇಲ್ಲ. ಸೋಮವಾರ, ಮಂಗಳವಾರ ಎಂದಳು. ಅವಳ ಮೆಸೇಜಿನ ಗುಟ್ಟು ಅಲ್ಲಿದೆ ಎಂದು ನನ್ನ ಎಣಿಕೆ. ವಾರದ ಹೆಸರು ಯಾವಾಗ ಕೇಳಿದರೂ ಕೆಡುವುದಿಲ್ಲ.

ಮಳೆಗಾಲದಲ್ಲಿ ಈ ಹೊತ್ತಿನ ವಿಷಯ ಇನ್ನೂ ಬಿಗಿಯಾಗುತ್ತದೆ. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಜೋರಾಗಿ ಕೃಷ್ಣೆ, ದೂಧಗಂಗಾ, ವೇದಗಂಗಾ ತುಂಬಿದರೆ ಕಲ್ಲೋಳ–ಯಡೂರ ಬ್ಯಾರೇಜಿನಂಥ ತಗ್ಗಿನ ಸೇತುವೆಗಳು ಮುಳುಗುತ್ತವೆ. ನೀರು ತಾಸುತಾಸಿಗೆ ಏರುತ್ತದೆ. ‘ಈಗ ಸೇತುವೆ ಮ್ಯಾಲ ನೀರಿಲ್ರಿ, ಹಿಂಡಿ ಗಾಡಿ ಕಳಿಸ್ರಿ’ ಎಂದು ಬಿಟ್ಟ ಮೆಸೇಜನ್ನು ಮೂರು ತಾಸು ಬಿಟ್ಟು ಕೇಳಿದ ದನದ ಆಹಾರದ ಅಂಗಡಿಯವರು ಗಾಡಿ ಹೊರಡಿಸಿದರೆ ಏನಾಗುತ್ತದೆ? 2019ರ ಮತ್ತು 2021ರ ಪ್ರವಾಹ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಫೋನು ಹೊತ್ತನ್ನು ತೋರಿಸುತ್ತದಲ್ಲ ಎನ್ನಬಹುದು. ತೋರಿಸುತ್ತದೆ. ಆದರೆ ಒಬ್ಬರಿಂದ ಒಬ್ಬರಿಗೆ ಫಾರ್ವರ್ಡ್ ಆದ ಮೆಸೇಜು ತೋರಿಸುವುದು ಕೊನೆಗೆ ಕಳಿಸಿದ ಹೊತ್ತನ್ನು, ಆಡಿದ ಹೊತ್ತನ್ನಲ್ಲ. ಬಾಯಿಂದಲೇ ‘ಗುರುವಾರ ಮಧ್ಯಾಹ್ನ ಎರಡು’ ಎಂದರೆ ಮಾತ್ರ ಅದು ಮಾತಿನ ಜೊತೆ ಪಯಣ ಮಾಡುತ್ತದೆ. ಹಳ್ಳಿಯ ಡಂಗುರದವರಿಗೆ ಇದು ಗೊತ್ತಿತ್ತು. ಹಲಗೆ ಬಾರಿಸಿ ಮೊದಲು ಕಿವಿ ಸೆಳೆದು, ಯಾರ ಅಪ್ಪಣೆ, ಏನು, ಯಾವ ವಾರ, ಎಷ್ಟು ಹೊತ್ತಿಗೆ ಎಂದು ಒಂದೇ ಮಾತನ್ನು ಓಣಿ ಓಣಿಯಲ್ಲಿ ಬದಲಿಸದೆ ಸಾರುತ್ತಿದ್ದರು.

ಇನ್ನು ಗುರುತು. ‘ನಾ ಪಾಟೀಲ್ ಮಾತಾಡಾಕತ್ತೇನಿ’ ಎಂದರೆ ಈ ಐದು ತಾಲೂಕಿನಲ್ಲಿ ಯಾರೂ ಸಿಗುವುದಿಲ್ಲ, ಅಥವಾ ಸಾವಿರ ಮಂದಿ ಸಿಗುತ್ತಾರೆ. ಚೌಗುಲೆ, ಮಗದುಮ್, ಖೋತ, ಕಾಂಬಳೆ ಎಂದರೂ ಅಷ್ಟೇ. ಊರ ಹೆಸರೂ ಸಾಲದು. ಉಗಾರ ಎಂದರೆ ಉಗಾರ ಖುರ್ದವೋ, ಉಗಾರ ಬುದ್ರುಕವೋ? ಅಂಕಲಿ ಎಂದರೆ ಚಿಕ್ಕೋಡಿ ತಾಲೂಕಿನದೋ, ಸಾಂಗ್ಲಿ ಕಡೆಯ ಮಿರಜ್ ತಾಲೂಕಿನದೋ? ಎರಡೂ ಕಡೆ ಅಂಗಡಿಯವರಿಗೆ ಗಿರಾಕಿಗಳಿದ್ದಾರೆ. ರಾಯಬಾಗ ತಾಲೂಕಿನಲ್ಲಿ ಒಂದು ಸವದತ್ತಿ ಇದೆ, ಯಲ್ಲಮ್ಮನ ಸವದತ್ತಿ ಬೇರೆ. ಇದರ ಮೇಲೆ, ಇಲ್ಲಿಯ ರೈತರು ಬಹಳ ಮಂದಿ ಊರೊಳಗೆ ಇರುವುದಿಲ್ಲ, ತೋಟದಲ್ಲೇ ಮನೆ ಕಟ್ಟಿಕೊಂಡಿರುತ್ತಾರೆ. ಮನೆತನದ ಹೆಸರು ಹೊತ್ತ ತೋಟಗಳು, ಆ ತೋಟಗಳ ಹೆಸರಿನ ಸರ್ಕಾರಿ ಶಾಲೆಗಳು ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ತುಂಬ ಇವೆ. ಅದಕ್ಕೆ ಹೆಸರು, ಊರು, ತೋಟ ಮೂರೂ ಬೇಕು. ದಾರಿಯ ಒಂದು ಗುರುತು ಇದ್ದರೆ ಇನ್ನೂ ಒಳ್ಳೆಯದು. ‘ತೋಟದ ಶಾಲೆಯ ಹಿಂದ, ನೀರಿನ ಟಾಕಿ ಬಲಕ್ಕ’. ಹಳೆಯ ಕಾಗದ ಬರೆಯುವವರು ಎಡಗಡೆಯ ಮೂಲೆಯಲ್ಲಿ ‘ಕ್ಷೇಮ’, ಬಲಗಡೆ ಊರು, ತಾರೀಕು ಬರೆದೇ ಮುಂದೆ ಹೋಗುತ್ತಿದ್ದರು. ಅಂಚೆಯ ಕಾಲದ ಆ ಶಿಸ್ತು ಮರಳಿ ಬಂದರೆ ಸಾಕು, ಹೊಸದೇನನ್ನೂ ಕಲಿಯಬೇಕಿಲ್ಲ.

ಫೋನ್ ನಂಬರ್ ಹೇಳುವುದರಲ್ಲಿ ಈ ಗಡಿಗೇ ವಿಶೇಷವಾದ ಒಂದು ತೊಡಕಿದೆ. ಅದನ್ನು ಯಾವ ತರಬೇತಿಯವರೂ ಹೇಳಿದ್ದು ನಾನು ಕೇಳಿಲ್ಲ. ಮೆಸೇಜು ಮಗನ ಫೋನಿನಿಂದ ಬಂದಿರುತ್ತದೆ, ತೋಟದಲ್ಲಿ ಇರುವವರು ಅಪ್ಪ. ಅಪ್ಪನ ನಂಬರನ್ನು ಬಾಯಿಂದಲೇ ಹೇಳಬೇಕು. ಜನ ಎರಡೆರಡು ಅಂಕಿ ಕೂಡಿಸಿ ಹೇಳುತ್ತಾರೆ. ಕನ್ನಡದಲ್ಲಿ ಅರವತ್ತೇಳು ಎಂದರೆ ಆರು ಮೊದಲು, ಏಳು ಆಮೇಲೆ, ಬರೆಯುವ ಹಾಗೆಯೇ. ಮರಾಠಿಯ ‘ಸದುಸಷ್ಟ’ದಲ್ಲಿ ಏಳು ಮೊದಲು ಕಿವಿಗೆ ಬೀಳುತ್ತದೆ, ಅರವತ್ತು ಆಮೇಲೆ. ‘ಶಹಾತ್ತರ’ ಎಂದರೆ ಎಪ್ಪತ್ತಾರು, ಕೇಳುವುದು ಆರು ಮೊದಲು. ನಿಪ್ಪಾಣಿಯ ಅಂಗಡಿಯಲ್ಲಿ ಕೂತ ಕನ್ನಡದ ಹುಡುಗ ಮರಾಠಿ ಜೋಡಿ ಅಂಕಿಯನ್ನು ಕೇಳಿದ ಕ್ರಮದಲ್ಲೇ ಬರೆದುಕೊಂಡರೆ 67 ಹೋಗಿ 76 ಆಗುತ್ತದೆ. ಸಾಂಗ್ಲಿಯ ಅಡತಿಗೆ ಅರಿಷಿಣ ಕಳಿಸುವ ರೈತರಿಗೆ ಈ ಕಡೆಯಿಂದಲೂ ಅದೇ ತೊಂದರೆ. ಒಂದೊಂದೇ ಅಂಕಿ, ನಡುವೆ ಉಸಿರು ಬಿಟ್ಟು, ಎರಡು ಸಲ ಹೇಳಿದರೆ ಯಾವ ಭಾಷೆಯಾದರೂ ಸರಿ. ಇಂಗ್ಲಿಷ್ ಅಂಕಿಗಳನ್ನು ಬಳಸುವವರನ್ನು ನಾನು ತಪ್ಪು ಎನ್ನುವುದಿಲ್ಲ. ನೈನ್, ಎಟ್, ಸೆವೆನ್ ಈಗ ಎರಡೂ ಭಾಷೆಯ ನಡುವಿನ ಒಪ್ಪಂದ.

ಪಟ್ಟಣದ ಸ್ಪೋಕನ್ ಇಂಗ್ಲಿಷ್ ಕ್ಲಾಸುಗಳು, ನೌಕರಿ ತರಬೇತಿಯವರು ಹುಡುಗರಿಗೆ ಒಂದು ಅಚ್ಚು ಕಲಿಸುತ್ತಾರೆ. ಹೆಸರು ಹೇಳು, ಕಂಪನಿ ಹೇಳು, ಕಾರಣ ಒಂದೇ ವಾಕ್ಯದಲ್ಲಿ ಹೇಳು, ನಂಬರ್ ಎರಡು ಸಲ ಹೇಳು, ಮೂವತ್ತು ಸೆಕೆಂಡಿನಲ್ಲಿ ಮುಗಿಸು. ಈ ಅಚ್ಚಿನಲ್ಲಿ ಸತ್ಯವಿದೆ, ಅದನ್ನು ಅಲ್ಲಗಳೆಯಲಾರೆ. ಆದರೆ ಎರಡು ಕಡೆ ಅದು ನಮ್ಮ ನೆಲಕ್ಕೆ ಒಗ್ಗುವುದಿಲ್ಲ. ಚಿಕ್ಕದಾದದ್ದೆಲ್ಲ ಒಳ್ಳೆಯದು ಎಂಬ ನಂಬಿಕೆ ಒಂದು. ಆ ಎಂಟು ಸೆಕೆಂಡಿನ ಮೆಸೇಜಿಗಿಂತ ಚಿಕ್ಕದು ಅವತ್ತು ಇನ್ನೊಂದಿರಲಿಲ್ಲ, ಅದಕ್ಕಿಂತ ಕೆಲಸಕ್ಕೆ ಬಾರದ್ದೂ ಇರಲಿಲ್ಲ. ಹೇಳಬೇಕಾದದ್ದು ಇದ್ದರೆ ಒಂದು ನಿಮಿಷ ತೆಗೆದುಕೊಳ್ಳಲಿ. ಎಮ್ಮೆಗೆ ಜ್ವರ ಯಾವತ್ತು ಬಂತು, ಏನು ತಿಂತು, ಎಷ್ಟನೆಯ ತಿಂಗಳ ಗಬ್ಬ ಎಂಬುದನ್ನು ಪಶು ಔಷಧದ ಅಂಗಡಿಗೆ ಮೂವತ್ತು ಸೆಕೆಂಡಿನಲ್ಲಿ ಹೇಳಲು ಆಗುವುದಿಲ್ಲ, ಹೇಳಲೂಬಾರದು.

ಇನ್ನೊಂದು, ನೆಂಟಸ್ತಿಕೆಯ ಮಾತು ವ್ಯವಹಾರಕ್ಕೆ ಸಲ್ಲದು ಎಂಬ ಕಲಿಕೆ. ‘ಅಣ್ಣಾರ’, ‘ಕಾಕಾ’, ‘ಅಕ್ಕಾರ’ ಎಂದು ಶುರು ಮಾಡಿದರೆ ಹಳ್ಳಿಯವರಂತೆ ಕಾಣುತ್ತೇವೆ ಎಂದು ಹುಡುಗರು ಅಂಜುತ್ತಾರೆ; ‘ಹಲೋ ಸರ್’ ಎಂದು ತೊಡಗಿ ನಡುವೆ ಮಾತು ಸಿಕ್ಕಿಕೊಂಡು ಒದ್ದಾಡುತ್ತಾರೆ. ಈ ಕಡೆಯ ವ್ಯಾಪಾರವೆಲ್ಲ ಉದ್ರಿಯ ಮೇಲೆ, ಮುಖದ ಪರಿಚಯದ ಮೇಲೆ ನಡೆಯುವಂಥದ್ದು. ಗೊಬ್ಬರದ ಅಂಗಡಿಯವರು ಕಬ್ಬಿನ ಬಿಲ್ಲು ಬರುವ ತನಕ ಕಾಯುತ್ತಾರೆ. ಆ ಕಾಯುವಿಕೆಯೊಳಗೆ ‘ಕಾಕಾ’ ಎಂಬ ಕರೆಯೂ ಸೇರಿದೆ. ಒಂದು ‘ನಮಸ್ಕಾರ್ರಿ ಕಾಕಾ’ ಸಾಕು, ಅದು ಮೆಸೇಜನ್ನು ಕೆಡಿಸುವುದಿಲ್ಲ, ಎತ್ತಿ ಹಿಡಿಯುತ್ತದೆ. ಕೆಡಿಸುವುದು ಉತ್ತರವಿಲ್ಲದ ಪ್ರಶ್ನೆ. ‘ಊಟ ಆತೇನ್ರಿ? ಮನ್ಯಾಗ ಎಲ್ಲಾ ಆರಾಮ ಅದಾರಲ್ರಿ? ಮಳಿ ಆತೇನ ಆ ಕಡೆ?’ ಎದುರಿಗೆ ಸಿಕ್ಕಾಗ ಇವು ಜೀವದ ಮಾತು. ಯಂತ್ರದ ಮುಂದೆ ಕೇಳಿ, ಉತ್ತರಕ್ಕೆಂದು ಎರಡು ಸೆಕೆಂಡು ತಡೆದು, ಮತ್ತೆ ಮುಂದೆ ಹೋಗುವವರ ದನಿಯಲ್ಲಿ ನನಗೆ ಒಂದು ಒಂಟಿತನ ಕೇಳಿಸುತ್ತದೆ. ಅದನ್ನು ತಪ್ಪೆಂದು ಎತ್ತಿ ಆಡಲು ಮನಸ್ಸು ಬಾರದು. ಆದರೂ, ಕೇಳುವವರು ಆ ಹೊತ್ತಿಗೆ ಇಲ್ಲ ಎಂಬುದನ್ನು ಒಪ್ಪಿಕೊಂಡೇ ಮಾತಾಡಬೇಕು.

ಕಬ್ಬಿನ ಹಂಗಾಮು ಬಂದಾಗ ಈ ಪದ್ಧತಿಯ ಎಲ್ಲ ಗುಣದೋಷ ಒಟ್ಟಿಗೇ ಕಾಣುತ್ತವೆ. 1939ರಲ್ಲಿ ಸ್ಥಾಪನೆಯಾದ ಉಗಾರ ಶುಗರ್ ವರ್ಕ್ಸ್‌ನಿಂದ ಹಿಡಿದು ಚಿಕ್ಕೋಡಿಯ ದೂಧಗಂಗಾ ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ ಸಹಕಾರಿ ಕಾರ್ಖಾನೆಗಳವರೆಗೆ ಇಲ್ಲಿ ಸಕ್ಕರೆಯೇ ಊರಿನ ನಾಡಿ. ಕಟಾವಿನ ಪಾಳಿ ಯಾವಾಗ, ಗ್ಯಾಂಗ್ ಯಾವ ತೋಟದಲ್ಲಿದೆ, ಟ್ರ್ಯಾಕ್ಟರ್ ಎಷ್ಟು ಹೊತ್ತಿಗೆ, ಈ ಮೂರು ಪ್ರಶ್ನೆಯ ಸುತ್ತ ಸಾವಿರಾರು ದನಿಗಳು ಫೀಲ್ಡ್‌ಮನ್ನರ, ಗ್ಯಾಂಗಿನ ಮುಖಂಡರಾದ ಮುಕಾದಮರ ಫೋನಿನಲ್ಲಿ ಸೇರುತ್ತವೆ. ಹಣ್ಣಾದ ಕಬ್ಬು ನಿಂತಷ್ಟು ದಿನ ರೈತರಿಗೆ ನಿದ್ದೆಯಿಲ್ಲ. ಕಡಿದ ಕಬ್ಬು ಹೊಲದಲ್ಲಿ ಬಿದ್ದಷ್ಟು ತಾಸು ತೂಕ ಇಳಿಯುತ್ತದೆ. ಆದ್ದರಿಂದ ಮೆಸೇಜುಗಳು ಸಿಟ್ಟಿನಲ್ಲಿ ಕುದಿಯುತ್ತವೆ. ಒಬ್ಬ ಫೀಲ್ಡ್‌ಮನ್ ನನಗೆ ಕೇಳಿಸಿದವುಗಳಲ್ಲಿ ಅರ್ಧಕ್ಕರ್ಧ ಬೈಗುಳವೇ. ಬೈದವರ ಸಂಕಟ ನಿಜವಾದದ್ದು, ಅದನ್ನು ನಾನು ಸಣ್ಣದು ಮಾಡಲಾರೆ. ಆದರೆ ಬೈಗುಳದ ಮೆಸೇಜುಗಳಲ್ಲಿ ಕೆಲಸಕ್ಕೆ ಬೇಕಾದ ವಿವರವೇ ಇರಲಿಲ್ಲ. ಎಷ್ಟು ಎಕರೆ, ಲಾವಣಿಯೋ ಕುಳೆಯೋ, 86032 ತಳಿಯೋ ಬೇರೆಯದೋ, ಸರ್ವೆ ನಂಬರ್ ಎಷ್ಟು, ಗಾಡಿ ಹೊಲದೊಳಗೆ ಬರುವಷ್ಟು ದಾರಿ ಇದೆಯೋ ಇಲ್ಲವೋ. ನಿರೋಪ ಒಯ್ಯುವ ಮನುಷ್ಯ ಇದ್ದಿದ್ದರೆ ಬೈಗುಳವನ್ನು ಬಿಟ್ಟು ಇವನ್ನೆಲ್ಲ ಕೇಳಿಕೊಂಡೇ ಹೊರಡುತ್ತಿದ್ದ.

ಅದೇ ಫೋನಿನಲ್ಲಿ ವಯಸ್ಸಾದ ರೈತರೊಬ್ಬರ ದನಿ ಇತ್ತು. ದನಿಯಲ್ಲಿ ಸಿಟ್ಟಿತ್ತು, ಸಾಲುಸಾಲಾಗಿ ವಿವರವೂ ಇತ್ತು. ಕೊನೆಗೆ, ‘ಮೂರನೇ ಸಲ ಹೇಳಾಕತ್ತೇನಿ. ಶುಕ್ರವಾರದ ಮಟಾ ದಾರಿ ನೋಡತೇನಿ, ಶನಿವಾರ ನಾನ ಆಫೀಸಿಗೆ ಬರತೇನಿ’ ಎಂದು ನಿಲ್ಲಿಸಿದ್ದರು. ಸಿಟ್ಟಿಗೂ ಒಂದು ವಾರ, ಒಂದು ಗಡುವು ಕೊಟ್ಟಿದ್ದರು. ಹುಡುಕಿದರೂ ಅದಕ್ಕಿಂತ ವೃತ್ತಿಪರವಾದ ಮೆಸೇಜು ಸಿಗಲಾರದು. ಮಹಾರಾಷ್ಟ್ರದ ಬೀಡ್ ಕಡೆಯಿಂದ ಬಂದ ಮುಕಾದಮರಿಗೆ ಬಿಟ್ಟ ಮೆಸೇಜುಗಳಲ್ಲಿ ಕನ್ನಡ, ಮರಾಠಿ ಒಂದೇ ವಾಕ್ಯದೊಳಗೆ ಹೆಣೆದುಕೊಂಡಿರುತ್ತವೆ. ಅದು ಅಶುದ್ಧ ಎನ್ನುವವರ ಜೊತೆ ನಾನಿಲ್ಲ. ಮುಟ್ಟಬೇಕಾದವರಿಗೆ ಮುಟ್ಟಿದ ಮಾತು ಶುದ್ಧವಾದದ್ದೇ.

ದನಿಗೆ ಆಗದ ಕೆಲಸವೂ ಇದೆ. ಅಥಣಿಯಲ್ಲಿ ಕೊಲ್ಹಾಪುರಿ ಚಪ್ಪಲಿ ಮಾಡುವ ಕುಟುಂಬಗಳಿಗೆ ಬರುವ ಆರ್ಡರುಗಳಲ್ಲಿ ‘ಎಂಟು ನಂಬರ್, ಸ್ವಲ್ಪ ಅಗಲ ಇರಲಿ’ ಎಂಬ ಮೆಸೇಜು ಸಾಮಾನ್ಯ. ಎಷ್ಟು ಸ್ವಲ್ಪ? ಕಾಗದದ ಮೇಲೆ ಪಾದ ಇಟ್ಟು ಪೆನ್ಸಿಲಿನಿಂದ ಸುತ್ತ ಗೆರೆ ಎಳೆದು ಅದರ ಫೋಟೊ ಕಳಿಸುವುದೇ ಅಲ್ಲಿ ಸರಿಯಾದ ಸಂದೇಶ. 2019ರಲ್ಲಿ ಕರ್ನಾಟಕ ಮತ್ತು ಮಹಾರಾಷ್ಟ್ರದ ನಾಲ್ಕು ನಾಲ್ಕು ಜಿಲ್ಲೆಗಳಿಗೆ ಸೇರಿ ಈ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕಿತು. 2025ರ ಜೂನ್‌ನಲ್ಲಿ ಪ್ರಾಡಾ ಕಂಪನಿ ಮಿಲಾನಿನ ಪ್ರದರ್ಶನದಲ್ಲಿ ಇದೇ ಮಾದರಿಯನ್ನು ತೋರಿಸಿದಾಗ ಎದ್ದ ತಕರಾರಿನಿಂದ ದೂರದವರ ಕಣ್ಣೂ ಈ ಕಸುಬಿನ ಮೇಲೆ ಬಿತ್ತು. ದೂರದ ಗಿರಾಕಿಯ ಪಾದವನ್ನು ಕುಶಲಕರ್ಮಿ ಕಾಣುವುದಿಲ್ಲ. ಅಲ್ಲಿ ದನಿ ಗೆರೆಯ ಹಿಂದೆ ನಿಲ್ಲಬೇಕು.

ಇಷ್ಟು ಹೊತ್ತು ಆಡುವವರನ್ನೇ ಅಳೆದೆ. ಕೇಳುವವರ ಮೇಲೆ ನನ್ನ ದೂರು ಇನ್ನೂ ಗಟ್ಟಿಯಾದದ್ದು. ಅಂಗಡಿಗಳಿಗೆಂದೇ ವಾಟ್ಸ್ಆ್ಯಪ್ 2018ರಲ್ಲಿ ಬೇರೆ ಆ್ಯಪ್ ತಂದಿತು. ಮಾಲೀಕರು ಇಲ್ಲದಾಗ ತಾನಾಗಿ ಹೋಗುವ ಉತ್ತರವನ್ನು ಅದರಲ್ಲಿ ಬರೆದಿಡಬಹುದು. ನಾನು ಮೆಸೇಜು ಬಿಟ್ಟ ಅಂಗಡಿಗಳಿಂದ ಹೆಚ್ಚಾಗಿ ಬಂದದ್ದು ಆ್ಯಪಿನ ಜೊತೆಗೇ ಬಂದ ಇಂಗ್ಲಿಷ್ ಸಾಲು, ಅಕ್ಷರ ಬದಲಿಸದೆ. ಓದಲು ಬಾರದ ಕಾರಣಕ್ಕೇ ದನಿಯಲ್ಲಿ ಮಾತಾಡಿದ ಅಜ್ಜಿಗೆ ಇಂಗ್ಲಿಷ್ ಅಕ್ಷರದಲ್ಲಿ ಉತ್ತರ! ‘ಅಂಗಡಿ ಎಂಟಕ್ಕ ತೆಗೀತೈತ್ರಿ. ಹೆಸರು, ಊರು, ತೋಟ, ಏನ್ ಕೆಟ್ಟೈತಿ ಹೇಳ್ರಿ’ ಎಂದು ಒಮ್ಮೆ ಕನ್ನಡದಲ್ಲಿ, ಒಮ್ಮೆ ಮರಾಠಿಯಲ್ಲಿ ದನಿಯನ್ನೇ ಮುದ್ರಿಸಿ ಇಟ್ಟುಕೊಂಡು, ಮೊದಲ ಸಲ ಮೆಸೇಜು ಬಿಟ್ಟವರಿಗೆಲ್ಲ ಕಳಿಸಿದರೆ ಬರುವ ಮೆಸೇಜುಗಳು ತಾವಾಗಿ ನೆಟ್ಟಗಾಗುತ್ತವೆ. ಜನ ಹೇಗೆ ಮಾತಾಡುತ್ತಾರೆ ಎಂಬುದು ಅವರನ್ನು ಹೇಗೆ ಕೇಳಿದೆವು ಎಂಬುದರ ಮೇಲಿದೆ.

ಮತ್ತೊಂದು ಕೆಟ್ಟ ಚಾಳಿ ಸ್ಪೀಕರ್. ಔಷಧದ ಅಂಗಡಿಯೊಂದರಲ್ಲಿ, ಹತ್ತು ಮಂದಿ ನಿಂತ ಕೌಂಟರಿನ ಮುಂದೆ, ಒಬ್ಬ ಹೆಣ್ಣುಮಗಳು ತನ್ನ ತಿಂಗಳ ತೊಂದರೆಯ ಗುಳಿಗೆ ಕೇಳಿದ ಮೆಸೇಜನ್ನು ಕೆಲಸದ ಹುಡುಗ ಜೋರಾಗಿ ಹಚ್ಚಿದ್ದನ್ನು ನಾನೇ ಕೇಳಿದ್ದೇನೆ. ಅವಳ ದನಿಯನ್ನು ಗುರುತು ಹಿಡಿದವರು ಅಲ್ಲಿದ್ದರು. ಪತ್ತಿನ ಸಂಘದಲ್ಲಿ ಸಾಲದ ಕಂತಿಗೆ ವಾಯಿದೆ ಬೇಡಿದ ದನಿಯನ್ನು ಹೀಗೆ ಹಚ್ಚಿದರೆ ಆ ಮನೆಯ ಮಾನ ಓಣಿಯಲ್ಲಿ ಬೀಳುತ್ತದೆ. ನಿರೋಪದವರು ಕಿವಿಯ ಹತ್ತಿರ ಬಂದು ಹೇಳುತ್ತಿದ್ದ ಮಾತುಗಳಿದ್ದವು. ಫೋನನ್ನು ಕಿವಿಗೆ ಹಿಡಿಯುವುದು ಅಷ್ಟೇ ಸಣ್ಣ ಕೆಲಸ. ಅದನ್ನು ಮಾಡದ ಅಂಗಡಿಯವರು, ಗಿರಾಕಿಗಳಿಗೆ ಮಾತಾಡಲು ಬರುವುದಿಲ್ಲ ಎಂದು ದೂರುವ ಹಕ್ಕನ್ನು ಕಳೆದುಕೊಂಡಿರುತ್ತಾರೆ.

ಉಳಿದುಹೋಗುವ ದನಿಗೆ ಇನ್ನೊಂದು ಬೆಲೆಯೂ ಇದೆ. ನಿಪ್ಪಾಣಿಯ ತಂಬಾಕು ಬೆಳೆಗಾರರು ಒಂದು ಕಾಲಕ್ಕೆ ವ್ಯಾಪಾರಿಗಳ ಬಾಯಿಮಾತಿನ ದರಕ್ಕೆ ಕಟ್ಟುಬಿದ್ದಿದ್ದರು. 1981ರಲ್ಲಿ ಶರದ್ ಜೋಶಿಯವರ ಮುಂದಾಳ್ತನದಲ್ಲಿ ಅವರು ಹೆದ್ದಾರಿಗೆ ಬಂದು ಕೂತರು. ಏಪ್ರಿಲ್ 6ರಂದು ಪೊಲೀಸರ ಗುಂಡಿಗೆ ರೈತರು ಬಲಿಯಾದರು. ಬಾಯಿಮಾತಿಗೆ ದಾಖಲೆ ಇಲ್ಲದ ಕಾಲ ಅದು. ಈಗ ‘ಕ್ವಿಂಟಲಿಗೆ ಇಷ್ಟು ಅಂದೀರಿ, ಸೋಮವಾರ ಇಪ್ಪತ್ತು ಚೀಲ ಹಾಕತೇನಿ’ ಎಂದು ರೈತರು ಬಿಟ್ಟ ಮೆಸೇಜು, ಅದಕ್ಕೆ ಅಡತಿಯವರು ಕೊಟ್ಟ ‘ಹೂಂ, ತಗೊಂಡ ಬಾ’ ಎರಡೂ ಫೋನಿನಲ್ಲಿ ಉಳಿಯುತ್ತವೆ. ಕಾಗದದ ಪಾವತಿಯಷ್ಟು ಗಟ್ಟಿಯಲ್ಲದಿದ್ದರೂ ಕೈಯಲ್ಲಿ ಏನೂ ಇಲ್ಲದ್ದಕ್ಕಿಂತ ಎಷ್ಟೋ ಮೇಲು. ಅದಕ್ಕೇ ದರ, ತೂಕ, ವಾರ ಮೂರನ್ನೂ ಮೆಸೇಜಿನಲ್ಲಿ ತಮ್ಮ ಬಾಯಿಂದ ಇನ್ನೊಮ್ಮೆ ಹೇಳುವ ರೂಢಿಯನ್ನು ನಾನು ಬಹಳ ಮೆಚ್ಚುತ್ತೇನೆ. ಕಳಿಸಿದ ಮೆಸೇಜನ್ನು ಎರಡು ದಿನದೊಳಗೆ ಎರಡೂ ಕಡೆಯಿಂದ ಅಳಿಸಿಹಾಕುವ ಸೌಲಭ್ಯವೂ ಇದೆ ಎಂಬುದನ್ನು ನೆನಪಿನಲ್ಲಿಟ್ಟುಕೊಂಡು, ವ್ಯಾಪಾರಿಯ ಉತ್ತರವನ್ನು ಬೇರೆ ಕಡೆ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು.

ಆ ಮಂಗಳವಾರ ವೈಂಡಿಂಗ್ ಅಂಗಡಿಯವರು ಹೆಣ್ಣುಮಗಳಿಗೆ ಉತ್ತರ ಕೊಟ್ಟದ್ದು ಹೀಗೆ: ‘ನಿಮ್ಮ ನಿರೋಪ ಮುಟ್ಟೈತ್ರಿ ಅಕ್ಕಾರ. ಇವತ್ತ ಮಂಗಳವಾರ, ಒಂಬತ್ತಕ್ಕ ಬರತೇವಿ. ಫ್ಯೂಜ್ ತೆಗದ ಇಡ್ರಿ, ಯಾರೂ ಸ್ಟಾರ್ಟರ್ ಮುಟ್ಟಬ್ಯಾಡ್ರಿ.’ ಚೈನ್ ಕಪ್ಪಿ, ಕೇಬಲ್, ಪಾನಾಗಳ ಪೆಟ್ಟಿಗೆ ಗಾಡಿ ಏರಿದವು. ಆದರೂ ಅವರು ಹೊರಡಲಿಲ್ಲ. ಎಂಟು ಸೆಕೆಂಡಿನ ಆ ಮೊದಲ ಮೆಸೇಜನ್ನು ಮತ್ತೆ ಹಚ್ಚಿದರು. ತಿರುಗಿ ಫೋನ್ ಮಾಡಿದರೆ ಸ್ವಿಚ್ ಆಫ್. ರಾತ್ರಿಯೆಲ್ಲ ಟಾರ್ಚಿನಂತೆ ಉರಿದ ಫೋನು ಚಾರ್ಜ್ ಇಳಿದು ಸತ್ತಿರಬೇಕು. ಮೂರನೆಯ ಸಲ, ನಾಲ್ಕನೆಯ ಸಲ ಕೇಳಿದರು. ಹುಡುಗನನ್ನು ಕರೆದು ಫೋನನ್ನು ಅವನ ಕಿವಿಗೆ ಹಿಡಿದರು. ‘ಈ ದನಿ ಯಾರದ ನೋಡ. ಹಿಂದ ರೈಲಿನ ಸಪ್ಳ ಕೇಳತೈತಿ ನೋಡ, ಕುಡಚಿ ಕಡೆಯವ್ರ ಇರಬೇಕೇನ?’ ಹುಡುಗ ಕಣ್ಣು ಮುಚ್ಚಿ ಕೇಳಿದ. ತಲೆ ಅಲ್ಲಾಡಿಸಿದ. ಮತ್ತೊಮ್ಮೆ ಹಚ್ಚಲು ಹೇಳಿದ.